ಪೆಟ್ಟಿಗೆಯೊಳಗಿನ ಹಲ್ಲಿ

ಕಂಪ್ಯೂಟರ್ ನಿಧಾನವಾದರೆ ನಾವೇನು ಮಾಡುತ್ತೇವೆ? ಮೊದಲು ಬೈಯುತ್ತೇವೆ. ಆಮೇಲೆ ಅದಕ್ಕೆ ಒಗ್ಗಿಕೊಳ್ಳುತ್ತೇವೆ. ಅನೌನ್ಸರಕ್ಕ ಮಾಡಿದ್ದೂ ಅಷ್ಟೇ.

ಅವರಿಗೆ ಆ ಹೆಸರು ಬಂದದ್ದು ರೈಲು ನಿಲ್ದಾಣದಿಂದ. ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸವಾಗಿತ್ತು. ಊರಿಗೆಲ್ಲ ಅವರ ದನಿ ಗೊತ್ತಿತ್ತು, ಮುಖ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ನಿಲ್ದಾಣಕ್ಕೆ ಯಂತ್ರದ ದನಿ ಬಂತು. ಅಕ್ಕ ಕೆಲಸ ಬಿಟ್ಟು ಮನೆಗೆ ಬಂದರು. ಮನೆ ಎಂದರೆ ಮಹಡಿಯ ಮೇಲಿನ ಎರಡು ಕೋಣೆ. ತಾಯಿ ಇದ್ದಷ್ಟು ದಿನ ಅಲ್ಲಿ ಇಬ್ಬರಿದ್ದರು. ಈಗ ಒಬ್ಬರು.

ಸುಮ್ಮನೆ ಕೂರಲಾರದೆ ಅವರು ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಕೆಲಸ ಹಿಡಿದಿದ್ದರು. ಓದಲು ಕೂರುವ ಮೊದಲು ಫ್ಯಾನ್ ಆರಿಸಬೇಕು, ಫ್ರಿಜ್ ಆರಿಸಬೇಕು, ಕಿಟಕಿಗೆ ಕಂಬಳಿ ಇಳಿಬಿಡಬೇಕು, ಬಾಗಿಲ ಸಂದಿಗೆ ಟವೆಲ್ ತುರುಕಬೇಕು. ಹೊರಗಿನ ಸದ್ದು ಒಳಗೆ ಬರಬಾರದು. ಬೆಳಗಿನಿಂದ ಸಂಜೆಯವರೆಗೆ ಆ ಕೋಣೆಯಲ್ಲಿ ಅಕ್ಕ ಮಾತಾಡುತ್ತಲೇ ಇರುತ್ತಿದ್ದರು. ತಿರುಗಿ ಮಾತಾಡುವವರು ಯಾರೂ ಇರಲಿಲ್ಲ.

ಈ ಸಲದ ಪುಸ್ತಕ ಆಸ್ಪತ್ರೆಯ ಟೆಲಿಫೋನ್ ಆಪರೇಟರ್‌ಗಾಗಿ. ಆತನಿಗೆ ಹುಟ್ಟಿನಿಂದ ಕಣ್ಣು ಕಾಣದು. ಬಡ್ತಿಯ ಪರೀಕ್ಷೆ ಹತ್ತಿರ ಬಂದಿತ್ತು. ಓದಬೇಕಾದದ್ದು ಆಡಳಿತ ನಿಯಮಗಳ ದಪ್ಪ ಪುಸ್ತಕ. ಅಚ್ಚು ಎಷ್ಟು ಹಳೆಯದೆಂದರೆ, ಓದಿ ಹೇಳುವ ಮೊಬೈಲ್ ಆ್ಯಪು 'ವೇತನ' ಎಂಬುದನ್ನು 'ವೇದನೆ' ಎಂದು ಓದುತ್ತಿತ್ತು. "ಅದೇನೂ ತಪ್ಪಲ್ಲ ಬಿಡಿ," ಎಂದು ಆಪರೇಟರ್ ಹೇಳಿದ್ದ. ಆದರೆ ಪರೀಕ್ಷೆಯಲ್ಲಿ ಹಾಗೆ ಬರೆಸಲು ಆಗುವುದಿಲ್ಲವಲ್ಲ.

ಅಕ್ಕನ ಗಂಟಲಲ್ಲಿ ಗಂಟುಗಳಾಗಿದ್ದವು. "ಇದೊಂದು ಪುಸ್ತಕ ಮುಗಿಸಿ, ಆಮೇಲೆ ದನಿಗೆ ರಜ ಕೊಡಿ. ಇಲ್ಲದಿದ್ದರೆ ದನಿಯೇ ರಜ ತಗೊಳ್ಳುತ್ತೆ," ಎಂದು ಡಾಕ್ಟರು ಹೇಳಿದ್ದರು. ಪುಸ್ತಕದಲ್ಲಿ ಉಳಿದಿದ್ದದ್ದು ಕೊನೆಯ ಒಂದು ಅಧ್ಯಾಯ. ಮೊದಲಿನಿಂದ ಮತ್ತೊಮ್ಮೆ ಓದಲು ಸಮಯವೂ ಇರಲಿಲ್ಲ, ಗಂಟಲೂ ಇರಲಿಲ್ಲ.

ಒಂದು ಸಂಜೆ ಆಪರೇಟರ್ ಫೋನ್ ಮಾಡಿದ.

"ಅಕ್ಕಾ, ಮನೇಲಿ ಹಲ್ಲಿ ಸಾಕಿದೀರಾ?"

"ಏನಪ್ಪಾ ಅದು?"

"ಹೋದ ವಾರದ ಅಧ್ಯಾಯದಲ್ಲಿ ನೀವು ಒಂದು ನಿಯಮ ಓದಿ ಮುಗಿಸಿದ ಕೂಡಲೇ ಲೊಚ್ ಲೊಚ್ ಅನ್ನುತ್ತೆ. ಪ್ರತಿಯೊಂದಕ್ಕೂ ಹೌದು ಹೌದು ಅಂತ ಸಾಕ್ಷಿ ಹೇಳ್ತಿದೆ. ರಜೆ ನಿಯಮಕ್ಕೆ ಇಷ್ಟೊಂದು ಒಪ್ಪಿಗೆ ನಮ್ಮ ಆಫೀಸಲ್ಲೂ ಇಲ್ಲ."

ಅಕ್ಕ ನಕ್ಕರು. ನಕ್ಕರೆ ಗಂಟಲು ನೋಯುತ್ತಿತ್ತು.

"ಹಲ್ಲಿ ಅಲ್ಲ ಮಾರಾಯ, ಕಂಪ್ಯೂಟರು. ಅದಕ್ಕೂ ವಯಸ್ಸಾಯ್ತು. ನನ್ನ ಮಂಡಿನೂ ಲಟಕ್ ಅನ್ನುತ್ತೆ. ಹಾಗಂತ ಮಂಡಿ ಕಿತ್ತು ಬಿಸಾಕ್ತೀನಾ?"

"ಫೈಲ್ ತೆಗೆಯೋಕೆ ಎಷ್ಟು ಹೊತ್ತು ಹಿಡಿಯುತ್ತೆ?"

"ಅದನ್ನ ಒತ್ತಿ ಹೋಗಿ ಪಾತ್ರೆ ತೊಳೆದು ಬರ್ತೀನಿ. ಬರೋ ಹೊತ್ತಿಗೆ ತೆಗೆದಿರುತ್ತೆ."

"ನಡುವೆ ನಿಂತುಬಿಡುತ್ತಾ?"

"ನಿಲ್ಲುತ್ತೆ. ತಲೆ ಮೇಲೆ ಒಂದು ತಟ್ಟಿದ್ರೆ ಮತ್ತೆ ಓಡುತ್ತೆ."

"ಅಕ್ಕಾ, ಅದು ಹಾರ್ಡ್ ಡಿಸ್ಕ್ ಹೋಗೋ ಸದ್ದು. ನನ್ನ ತಂಗಿ ಕಂಪ್ಯೂಟರ್ ರಿಪೇರಿ ಮಾಡ್ತಾಳೆ. ಅವಳ ಅಂಗಡೀಲಿ ಇದನ್ನ ಎಷ್ಟೋ ಸಲ ಕೇಳಿದೀನಿ. ನಾಳೆ ಕರ್ಕೊಂಡು ಬರ್ತೀನಿ."

"ಬೇಡ ಬೇಡ. ಚೆನ್ನಾಗೇ ಇದೆ ಅದು. ಮನೆ ಬೇರೆ ಹರಡಿಕೊಂಡಿದೆ."

ಮನೆಯಲ್ಲಿ ಹರಡಲು ಏನೂ ಇರಲಿಲ್ಲ. ಯಾರೂ ಬಂದು ಅಭ್ಯಾಸವಿಲ್ಲ, ಅಷ್ಟೇ ವಿಷಯ. ಇನ್ನೊಂದು ವಿಷಯವೂ ಇತ್ತು, ಅದನ್ನು ಅಕ್ಕ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಫ್ಯಾನ್ ಇಲ್ಲದ, ಫ್ರಿಜ್ ಇಲ್ಲದ, ಕಂಬಳಿ ಹೊದ್ದ ಆ ಕೋಣೆಯಲ್ಲಿ ಅವರನ್ನು ಬಿಟ್ಟರೆ ಸದ್ದು ಮಾಡುತ್ತಿದ್ದದ್ದು ಆ ಕಂಪ್ಯೂಟರ್ ಪೆಟ್ಟಿಗೆ ಒಂದೇ. ಅದು ನಿಂತರೆ ಕೋಣೆ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು.

"ಹೋದ್ರೂ ಏನೀಗ?" ಎಂದರು. "ಓದಿದ ಎಲ್ಲಾ ಅಧ್ಯಾಯನೂ ಕಳಿಸಿದೀನಲ್ಲ. ನಿನ್ನ ಮೊಬೈಲಲ್ಲಿ ಇದೆ."

"ನನ್ನ ಹತ್ರ ಎಲ್ಲಿದೆ? ಕೇಳಿ ಮುಗಿದಿದ್ದನ್ನ ಅಳಿಸಿಬಿಡ್ತೀನಿ. ಮೊಬೈಲಲ್ಲಿ ಜಾಗ ಬೇಡ್ವಾ? ಪರೀಕ್ಷೆ ಮುಂಚೆ ಒಟ್ಟಿಗೆ ಮತ್ತೆ ಇಸ್ಕೊಳ್ಳೋಣ, ಹೇಗೂ ನಿಮ್ಮ ಹತ್ರ ಇರುತ್ತಲ್ಲ ಅಂತಿದ್ದೆ."

ಅಕ್ಕ ಆತನ ಹತ್ತಿರ ಇದೆ ಎಂದುಕೊಂಡಿದ್ದರು. ಆತ ಅಕ್ಕನ ಹತ್ತಿರ ಇದೆ ಎಂದುಕೊಂಡಿದ್ದ.

"ಗಾಬರಿ ಬೇಡ," ಎಂದರು ಅಕ್ಕ. "ನಾನೇನು ದಡ್ಡಿನಾ? ಪೆನ್‌ಡ್ರೈವಿಗೂ ಕಾಪಿ ಮಾಡಿಟ್ಟಿದೀನಿ."

"ಹಾಗಾದ್ರೆ ಅದನ್ನ ಒಂದ್ಸಲ ನೋಡಿಬಿಡೋಣ," ಎಂದ ಆಪರೇಟರ್. ಅಕ್ಕನಿಗೆ ಬೇಡ ಎನ್ನಲು ಬೇರೆ ನೆಪ ಸಿಗಲಿಲ್ಲ.

ಮರುದಿನ ಮಧ್ಯಾಹ್ನ ಅಣ್ಣ ತಂಗಿ ಇಬ್ಬರೂ ಬಂದರು. ತಂಗಿಯ ಹೆಗಲಲ್ಲಿ ಸಾಮಾನಿನ ಚೀಲ. ಮನೆಯಲ್ಲಿ ಎರಡನೇ ಕುರ್ಚಿ ಇತ್ತು, ಆದರೆ ಅದರ ಮೇಲೆ ಹಳೇ ಪೇಪರಿನ ಕಟ್ಟು ಎಷ್ಟು ದಿನದಿಂದ ಕೂತಿತ್ತೆಂದರೆ ಅದು ಕುರ್ಚಿ ಎಂಬುದೇ ಅಕ್ಕನಿಗೆ ಮರೆತುಹೋಗಿತ್ತು. ಕಟ್ಟು ಕೆಳಗಿಳಿಸಿ ಧೂಳು ಒರೆಸಿ ಆಪರೇಟರನ್ನು ಕೂರಿಸಿದರು.

ಆತ ಕಿವಿ ಕೊಟ್ಟು ಕೂತ. ಪೆಟ್ಟಿಗೆ ಲೊಚ್ ಎಂದಿತು.

"ನಮಸ್ಕಾರ ಕಣಪ್ಪಾ," ಎಂದ ಅದಕ್ಕೆ.

ತಂಗಿ ಪೆನ್‌ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದಳು. ನೋಡಿದಳು. ಅಕ್ಕನ ಮುಖ ನೋಡಿದಳು.

"ಆಂಟಿ, ಇದರಲ್ಲಿ ಏನೂ ಇಲ್ಲ."

"ಇದೆಯಲ್ಲಮ್ಮಾ. 'ಪುಸ್ತಕ' ಅಂತ ಹೆಸರು ಕಾಣ್ತಿದೆ ನೋಡು."

"ಹೆಸರಿದೆ. ಚಿತ್ರದ ಮೂಲೇಲಿ ಚಿಕ್ಕ ಬಾಣ ಕಾಣ್ತಿದೆಯಾ? ಇದು ಶಾರ್ಟ್‌ಕಟ್ಟು. ನೀವು ಕಾಪಿ ಮಾಡಿರೋದು ಬಾಗಿಲು ತೋರಿಸೋ ಚೀಟಿನ. ಮನೆಗೆ ಬೆಂಕಿ ಬಿದ್ದಾಗ ಜೇಬಲ್ಲಿ ಮನೆ ವಿಳಾಸ ಇದೆ ಅಂದ್ರೆ ಏನು ಬಂತು?"

ಅಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಾಣ ಅಲ್ಲೇ ಇತ್ತು.

"ಡಿ ಅಂತ ಇನ್ನೊಂದು ಡ್ರೈವ್ ಕಾಣುತ್ತಲ್ಲ, ಅದರಲ್ಲೂ ಒಂದು ಹಾಕಿದೀನಿ," ಎಂದರು, ಸಣ್ಣ ದನಿಯಲ್ಲಿ.

"ಸಿ, ಡಿ ಎರಡೂ ಒಂದೇ ಡಿಸ್ಕು ಆಂಟಿ. ಒಂದೇ ಮನೆಗೆ ನಡುವೆ ಗೋಡೆ ಹಾಕಿ ಎರಡು ಕೋಣೆ ಮಾಡಿದ ಹಾಗೆ. ಮನೆ ಬಿದ್ರೆ ಎರಡೂ ಬೀಳುತ್ತೆ."

"ಈಗೇನು ಮಾಡೋದು? ಆಫ್ ಮಾಡಿ ಆನ್ ಮಾಡ್ಲಾ?"

"ಮುಟ್ಟಬೇಡಿ. ಆಫ್ ಮಾಡಿದ್ರೆ ಮತ್ತೆ ಏಳುತ್ತೆ ಅಂತ ಗ್ಯಾರಂಟಿ ಇಲ್ಲ. ಸದ್ಯ ಇನ್ನೂ ಓದ್ತಿದೆ. ಇದರಲ್ಲಿ ಹೊಸದೇನೂ ರೆಕಾರ್ಡ್ ಮಾಡೋದು ಬೇಡ, ರಿಪೇರಿ ಮಾಡೋ ಪ್ರೋಗ್ರಾಮ್ ಓಡಿಸೋದೂ ಬೇಡ. ಬೇಕಾದ್ದನ್ನ ಮೊದಲು ಹೊರಗೆ ತೆಗೀಬೇಕು. ಓದೋದೇ ನಿಲ್ಲಿಸಿದ್ರೆ ಆಗ ಕರೆಂಟ್ ಕಿತ್ತು, ಕೆಟ್ಟ ಡಿಸ್ಕಿಂದ ಫೈಲ್ ತೆಗೆಯೋ ಲ್ಯಾಬಿಗೆ ಕಳಿಸಬೇಕು. ಅಲ್ಲೀವರೆಗೆ ತಟ್ಟೋದು ಗಿಟ್ಟೋದು ಮಾಡಿದ್ರೆ ನೋಡಿ."

"ಕೆಳಗಿನ ಮನೆಯವರು ಡಿಸ್ಕನ್ನ ಫ್ರಿಜ್ಜಲ್ಲಿಟ್ಟು ತೆಗೀರಿ ಅಂದಿದ್ರು."

"ಫ್ರಿಜ್ಜಲ್ಲಿ ಟೊಮೆಟೊ ಇಡಿ."

ಆಪರೇಟರ್ ನಕ್ಕ. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇವಳು ಗಿರಾಕಿಗಳಿಗೂ ಹೀಗೇ. ಅದಕ್ಕೇ ಅಂಗಡಿ ಇನ್ನೂ ಚಿಕ್ಕದು."

ತಂಗಿ ಚೀಲದಿಂದ ಅಂಗೈ ಅಗಲದ ಹೊಸ ಡಿಸ್ಕು ತೆಗೆದು ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸಿದಳು. "ಮೊದಲು ಯಾವುದು? ಇದು ಎಷ್ಟು ಹೊತ್ತು ಬದುಕಿರುತ್ತೋ ಗೊತ್ತಿಲ್ಲ. ತೀರಾ ಬೇಕಾದ್ದು ಹೇಳಿ."

ಅಕ್ಕನ ಕಣ್ಣು ಪರದೆಯ ಮೂಲೆಗೆ ಹೋಯಿತು. ಆ ಪೆಟ್ಟಿಗೆಯಲ್ಲಿ ಅವರಿಗೆಂದು ಇದ್ದದ್ದು ಒಂದೇ ಫೈಲು. ನಿಲ್ದಾಣದಲ್ಲಿ ಕೊನೆಯ ದಿನ ಸಂಜೆಯ ಪ್ಯಾಸೆಂಜರ್ ರೈಲಿಗೆ ಅವರು ಮಾಡಿದ ಕೊನೆಯ ಅನೌನ್ಸ್‌ಮೆಂಟು. ಪೋರ್ಟರ್ ಒಬ್ಬ ಮೊಬೈಲಿನಲ್ಲಿ ಹಿಡಿದು ಕೊಟ್ಟಿದ್ದ. ಗಂಟಲು ಕೆಡುವ ಮುಂಚಿನ ದನಿ. ಕೆಲವು ಭಾನುವಾರ ಅವರು ಅದನ್ನು ಹಾಕಿಕೊಂಡು ಕೇಳುತ್ತಿದ್ದರು.

"ಚಿಕ್ಕ ಫೈಲ್ ಇದ್ರೂ ಹೇಳಿ, ಸಾಲಲ್ಲಿ ಮೊದಲು ನಿಲ್ಲಿಸ್ತೀನಿ."

"ಪುಸ್ತಕ," ಎಂದರು ಅಕ್ಕ. "ಪುಸ್ತಕ ಮೊದಲು. ಮಿಕ್ಕಿದ್ದು ಆಮೇಲೆ."

ಒಂದೊಂದೇ ಅಧ್ಯಾಯ ದಾಟತೊಡಗಿತು. ಕೆಲವು ಸರಾಗವಾಗಿ ಹೋದವು. ಕೆಲವು ಅರ್ಧಕ್ಕೆ ನಿಂತು, ಪೆಟ್ಟಿಗೆ ಲೊಚ್ ಲೊಚ್ ಎಂದು, ಮತ್ತೆ ಹೊರಟವು. ಮೂವರೂ ಆ ಸದ್ದಿಗೇ ಕಿವಿಗೊಟ್ಟು ಕೂತಿದ್ದರು. ಅಕ್ಕ ಟೀ ಮಾಡಿದರು. ಅಳತೆ ತಪ್ಪಿ ಅದು ಒಬ್ಬರಿಗಾಗುವಷ್ಟೇ ಆಯಿತು. ಮತ್ತೆ ಇಟ್ಟರು. ಹೊತ್ತು ಇಳಿಯುವಷ್ಟರಲ್ಲಿ ಓದಿದಷ್ಟೂ ಪುಸ್ತಕ ಈಚೆ ಬಂದಿತ್ತು. ತಂಗಿ ಅಲ್ಲಿಗೇ ಬಿಡಲಿಲ್ಲ. ಪ್ರತಿ ಅಧ್ಯಾಯವನ್ನೂ ಹೊಸ ಡಿಸ್ಕಿನಿಂದ ತೆರೆದು ಸ್ವಲ್ಪ ಸ್ವಲ್ಪ ಕೇಳಿಸಿದಳು. "ತೆರೆದು ನೋಡದ ಕಾಪಿ ಕಾಪಿಯಲ್ಲ," ಎಂದಳು. ಅಣ್ಣ ಪ್ರತಿಯೊಂದಕ್ಕೂ ತಲೆಯಾಡಿಸಿದ.

"ಈಗ ಮಿಕ್ಕಿದ್ದು ಹೇಳಿ ಆಂಟಿ."

ಅಕ್ಕ ಫೈಲ್ ತೋರಿಸಿದರು. ತಂಗಿ ಒತ್ತಿದಳು. ಪೆಟ್ಟಿಗೆ ಒಂದು ಸಲ ಕರಕರ ಎಂದು ಉಜ್ಜಿದಂತೆ ಸದ್ದು ಮಾಡಿತು. ಪರದೆ ನೀಲಿಯಾಯಿತು. ತಂಗಿ ತಕ್ಷಣ ಕರೆಂಟ್ ಕಿತ್ತಳು.

ಡಿಸ್ಕನ್ನು ಲ್ಯಾಬಿಗೆ ಕಳಿಸಿದರು. ವಾರ ಕಳೆದ ಮೇಲೆ ಉತ್ತರ ಬಂತು. ಒಳಗೆ ತಿರುಗುವ ತಟ್ಟೆಯ ಮೇಲೆ ಗೀರು ಬಿದ್ದಿದೆ, ಏನೂ ತೆಗೆಯಲಾಗದು. ಓಡುತ್ತಿರುವಾಗ ತಟ್ಟಿದರೆ ಹೀಗಾಗುವುದುಂಟು ಎಂದು ತಂಗಿ ಫೋನಿನಲ್ಲಿ ಹೇಳಿದಳು. ಅಕ್ಕ ತಮ್ಮ ಬಲಗೈ ನೋಡಿಕೊಂಡರು.

"ಹೋಗ್ಲಿ ಬಿಡಮ್ಮ," ಎಂದರು. "ಆ ರೈಲೂ ಈಗ ಓಡ್ತಿಲ್ಲ."

ಮರುದಿನ ತಂಗಿ ಕಂಪ್ಯೂಟರಿನ ಒಳಗೆ ಬೇರೆ ಡಿಸ್ಕು ಹಾಕಲು ಬಂದಾಗ ಆಪರೇಟರೂ ಜೊತೆಗಿದ್ದ. "ಇದರಲ್ಲಿ ತಿರುಗೋ ತಟ್ಟೆ ಇಲ್ಲ," ಎಂದಳು ತಂಗಿ. "ಸದ್ದೂ ಮಾಡಲ್ಲ. ಅದೇ ಅಪಾಯ, ಕೆಲವು ಸಲ ಹೇಳದೇ ಕೇಳದೇ ಹೋಗುತ್ತೆ. ಅದಕ್ಕೇ ಮೂರು ಕಡೆ ಇರಬೇಕು. ಕಂಪ್ಯೂಟರಲ್ಲಿ ಒಂದು. ಈ ಹೊರಗಿನ ಡಿಸ್ಕಲ್ಲಿ ಒಂದು, ಕೆಲಸ ಮುಗಿದ ಮೇಲೆ ಇದನ್ನ ಬಿಚ್ಚಿ ತೆಗೆದಿಡಬೇಕು. ಮೂರನೇದು ಬೇರೆ ಮನೇಲಿ. ಕಳ್ಳ ಬರಲಿ, ನೀರು ನುಗ್ಗಲಿ, ಅದು ಉಳಿಯುತ್ತೆ. ಯಾರ ಮನೇಲಿ ಇಡ್ತೀರಿ?"

ಅಕ್ಕ ಯೋಚಿಸಿದರು. ಕೆಳಗಿನ ಮನೆಗೆ ಆಗಾಗ ಹೊಸಬರು ಬರುತ್ತಾರೆ, ಹೆಸರು ಕಲಿಯುವಷ್ಟರಲ್ಲಿ ಹೋಗುತ್ತಾರೆ. ತಾಯಿ ಹೋದ ಮೇಲೆ ಸ್ವಂತ ಅಣ್ಣನ ಮನೆಯವರ ಜೊತೆ ಮಾತಿಲ್ಲ. ನಿಲ್ದಾಣದವರು ಯಾರು ಎಲ್ಲಿದ್ದಾರೋ. ಹೊರಗಿನ ಡಿಸ್ಕು ಅವರ ಮಡಿಲಲ್ಲಿತ್ತು. ಊರಿಗೆಲ್ಲ ಗೊತ್ತಿದ್ದ ದನಿಗೆ ಹೋಗಿ ಇರಲು ಒಂದು ಮನೆ ನೆನಪಾಗಲಿಲ್ಲ.

"ಬ್ಯಾಂಕಲ್ಲಿ ಇಡೋಕಾಗುತ್ತಾ?" ಎಂದು ಕೇಳಿದರು.

"ಯಾಕಕ್ಕಾ," ಎಂದ ಆಪರೇಟರ್, "ನಮ್ಮನೆ ಏನು ಸ್ಮಶಾನಾನಾ?"

ಅಕ್ಕ ಒಪ್ಪಿದರು.

ಅವರು ಹೋದ ಮೇಲೆ ಅಕ್ಕ ಫ್ಯಾನ್ ಆರಿಸಿದರು, ಫ್ರಿಜ್ ಆರಿಸಿದರು, ಕಂಬಳಿ ಇಳಿಬಿಟ್ಟು ಕೊನೆಯ ಅಧ್ಯಾಯ ಓದಲು ಕೂತರು. ಒಂದು ನಿಯಮ ಓದಿ ನಿಲ್ಲಿಸಿದರು. ಏನೂ ಕೇಳಿಸಲಿಲ್ಲ. ಇನ್ನೊಂದು ಓದಿದರು. ಆಗಲೂ ಇಲ್ಲ. ಮುಂದಕ್ಕೆ ಓದಿದರು.

ಅಧ್ಯಾಯ ಮುಗಿದ ಮೇಲೆ, ಪೆನ್‌ಡ್ರೈವಿಗೆ ಹಾಕಿದ ಮೂರನೇ ಪ್ರತಿ ಹಿಡಿದು, ಫೋನ್ ಮಾಡಿ ಹೇಳಿ, ಅವರೇ ಆಪರೇಟರನ ಮನೆಗೆ ಹೋದರು. ಗಂಟೆ ಒತ್ತಿದ ಕೂಡಲೇ ಒಳಗಿನಿಂದ ಆತನ ದನಿ ಬಂತು. ಹಿಂದೆ ಆತ ದಿನವೂ ರೈಲಿನಲ್ಲಿ ಶಾಲೆಗೆ ಹೋಗಿಬರುತ್ತಿದ್ದಾಗ ಕೇಳಿದ ಧಾಟಿ, ಥೇಟ್ ಅಕ್ಕನದೇ: "ಪ್ರಯಾಣಿಕರ ಗಮನಕ್ಕೆ. ಸಂಜೆಯ ಪ್ಯಾಸೆಂಜರ್ ರೈಲು ಎರಡನೇ ಪ್ಲಾಟ್‌ಫಾರ್ಮಿಗೆ ಬರಲಿದೆ."

"ಮೂರನೇದು," ಎಂದರು ಅಕ್ಕ ಬಾಗಿಲಲ್ಲೇ ನಿಂತು. "ಅದು ಯಾವತ್ತೂ ಮೂರನೇದಕ್ಕೇ ಬರ್ತಿದ್ದದ್ದು."

"ಎರಡನೇದು ಅಕ್ಕಾ. ನಾನು ದಿನಾ ಹತ್ತುತ್ತಿದ್ದೆ."

"ನಾನು ದಿನಾ ಹೇಳ್ತಿದ್ದೆ."

ಇಬ್ಬರೂ ಬಿಟ್ಟುಕೊಡಲಿಲ್ಲ. ಯಾರದು ಸರಿ ಎಂದು ನೋಡಲು ಇದ್ದ ಒಂದೇ ರೆಕಾರ್ಡಿಂಗ್ ಈಗ ಇಲ್ಲ.

ಓದುಗರೇ, ನೆನಪು ಎಷ್ಟೇ ಪ್ರೀತಿಯದ್ದಾಗಿರಲಿ, ಅದನ್ನು ಪ್ರತಿ ಎಂದು ನಂಬಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ. ಮಗುವಿನ ಫೋಟೋ ಇರಬಹುದು, ಸಂಘದ ಕಾಗದಪತ್ರ ಇರಬಹುದು, ತೀರಿಹೋದವರ ದನಿ ಇರಬಹುದು. ಇವತ್ತೇ ಅದನ್ನು ಬೇರೆ ಡಿಸ್ಕಿಗೆ ಹಾಕಿ. ಬಾಣದ ಗುರುತು ಇದೆಯೇ ನೋಡಿ. ತೆರೆದು ಪರೀಕ್ಷಿಸಿ. ಇನ್ನೊಂದು ಪ್ರತಿಯನ್ನು ಇನ್ನೊಬ್ಬರ ಮನೆಯಲ್ಲಿಡಿ. ಅಂಥ ಮನೆ ನೆನಪಾಗದಿದ್ದರೆ, ಆ ಸಮಸ್ಯೆ ಡಿಸ್ಕಿಗಿಂತ ದೊಡ್ಡದು. ಮೊದಲು ಹೋಗಿ ಯಾರದಾದರೂ ಒಂದು ಬಾಗಿಲು ತಟ್ಟಿ. ಕಂಪ್ಯೂಟರನ್ನು ಮಾತ್ರ ತಟ್ಟಬೇಡಿ.

ನಿಮ್ಮ ಪೆಟ್ಟಿಗೆಯೂ ಲೊಚಗುಟ್ಟುತ್ತಿದೆಯೇ? ಅದು ನಿಮ್ಮ ಮಾತಿಗೆ ಹೌದು ಎನ್ನುತ್ತಿದೆ ಎಂದುಕೊಳ್ಳಬೇಡಿ. ಹೋಗುತ್ತೇನೆ ಎನ್ನುತ್ತಿದೆ. ಮನುಷ್ಯರಾದರೆ ಹೋಗಿ ಬರುತ್ತೇನೆ ಎನ್ನುತ್ತಾರೆ. ಅದಕ್ಕೆ ಆ ಅಭ್ಯಾಸವಿಲ್ಲ.