ಅಕ್ಕನ ಬೆರಳುಗಳು

"ಬೇಡ ಅಂದ್ರೆ?" ಎಂದಳು ಅಕ್ಕ.

ಡಾಕ್ಟರು ಮೇಜಿನ ಮೇಲಿದ್ದ ವರದಿಯನ್ನು ಅಕ್ಕತಂಗಿಯರತ್ತ ತಿರುಗಿಸಿದರು. ಮೂವತ್ತೈದರ ಆಸುಪಾಸಿನ ಹೆಂಗಸು, ಹೇಳಿದ್ದನ್ನೇ ಮತ್ತೆ ಹೇಳಲು ಬೇಸರಪಡದವರು. "ಬೇಡ ಅಂದ್ರೆ ಬೇಡಮ್ಮ. ನಿಮ್ಮ ತಂಗಿಯ ಎದೆಯ ಗಡ್ಡೆ ಪೂರ್ತಿ ತೆಗೆದಾಗಿದೆ. ಕಂಕುಳಿಗೆ ಹರಡಿಲ್ಲ. ಆ ಗಡ್ಡೆಯ ಚೂರನ್ನೇ ಒಂದು ಪರೀಕ್ಷೆಗೆ ಕಳಿಸಿದ್ವಲ್ಲ, ಅದರಲ್ಲಿ ಹದಿಮೂರು ಅಂಕ ಬಂದಿದೆ. ಇವರ ವಯಸ್ಸಿನಲ್ಲಿ, ಇಷ್ಟು ಕಡಿಮೆ ಅಂಕ ಇರೋರಿಗೆ ಕೀಮೋ ಕೊಟ್ರೂ ಅಷ್ಟೆ, ಬಿಟ್ರೂ ಅಷ್ಟೆ. ಮೂರು ವಾರ ರೇಡಿಯೇಷನ್, ಆಮೇಲೆ ಐದು ವರ್ಷ ದಿನಕ್ಕೊಂದು ಮಾತ್ರೆ."

"ನೂರಕ್ಕೆ ಹದಿಮೂರಾ? ನಾವು ಓದೋವಾಗ ಅದಕ್ಕೆ ನಪಾಸು ಅಂತಿದ್ರು."

"ಇಲ್ಲಿ ಕಡಿಮೆ ಬಂದಷ್ಟೂ ಒಳ್ಳೇದು," ಎಂದು ಡಾಕ್ಟರು ನಕ್ಕರು.

ಅಕ್ಕ ನಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ತಂಗಿ ತಲೆ ತಗ್ಗಿಸಿ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡಳು. ಎದೆಯ ಮೇಲಿಂದ ಬಂಡೆ ಇಳಿಸಿದಂತಾಗಿತ್ತು. ಅದು ಮುಖದ ಮೇಲೆ ಕಾಣಿಸಿಬಿಟ್ಟರೆ ಅಕ್ಕನಿಗೆ ಏನನ್ನಿಸೀತೋ ಎಂದು ಅವಳು ನೆಲದ ಚೌಕಗಳನ್ನು ಎಣಿಸುವವಳಂತೆ ಕುಳಿತಳು.

ಅಕ್ಕ ಒಂದು ತಿಂಗಳಿಂದ ತಯಾರಿ ನಡೆಸಿದ್ದಳು. ತಂಗಿಯ ಮಂಚವನ್ನು ಬಚ್ಚಲಿನ ಬಾಗಿಲ ಹತ್ತಿರಕ್ಕೆ ಎಳೆಸಿದ್ದಳು. ಮುಚ್ಚಳವಿರುವ ಬಕೆಟ್ಟು, ಮಕ್ಕಳು ಬಳಸುವಂಥ ಮೆದು ಬ್ರಷ್ಷು, ಜ್ವರ ನೋಡುವ ಯಂತ್ರ, ಎಲ್ಲ ತಂದಿಟ್ಟಿದ್ದಳು. ಯಾವ ದಿನ ವಾಂತಿ ಜೋರು, ಯಾವ ದಿನ ಬಾಯಿ ಹುಣ್ಣಾಗುತ್ತದೆ, ಯಾವ ದಿನ ಯಾರ ಮುಖವೂ ಬೇಡವೆನ್ನಿಸುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಇಪ್ಪತ್ತೊಂದು ವರ್ಷದ ಹಿಂದೆ ಅವಳಿಗೂ ಇದೇ ಕಾಯಿಲೆ ಬಂದಿತ್ತು, ಇಷ್ಟೇ ಚಿಕ್ಕ ಗಡ್ಡೆ. ಅವಳಿಗೆ ಆರು ತಿಂಗಳು ಕೀಮೋ ಕೊಟ್ಟಿದ್ದರು.

"ಒಂದು ವಾರ ಯೋಚನೆ ಮಾಡಿ. ಅವಸರ ಇಲ್ಲ," ಎಂದರು ಡಾಕ್ಟರು.

"ಯೋಚನೆ ಮಾಡೋದೇನಿದೆ? ಕೀಮೋ ಕೊಟ್ಟುಬಿಡಿ," ಎಂದು ಅಕ್ಕ ಎದ್ದೇಬಿಟ್ಟಳು.

ಅವರ ಹೊಲಿಗೆ ಅಂಗಡಿ ಮೂರು ರಸ್ತೆ ಕೂಡುವ ಮೂಲೆಯಲ್ಲಿತ್ತು. ಮೇಲಿನ ಎರಡು ಕೋಣೆಗಳಲ್ಲಿ ಅಕ್ಕತಂಗಿಯರ ವಾಸ. ಗಿರಾಕಿಗಳ ಬಾಯಲ್ಲಿ ಅವರು ದೊಡ್ಡ ಟೈಲರಮ್ಮ ಮತ್ತು ಚಿಕ್ಕ ಟೈಲರಮ್ಮ. ಐವತ್ತೊಂಬತ್ತು ತುಂಬಿ, ಕನ್ನಡಕದ ಗಾಜು ದಪ್ಪವಾಗಿ, ಮೊಣಕಾಲು ಕಟಕಟ ಎನ್ನುತ್ತಿದ್ದರೂ ತಂಗಿ ಇನ್ನೂ ಚಿಕ್ಕ ಟೈಲರಮ್ಮನೇ.

ಅಂಗಡಿ ಮೊದಲು ಅಕ್ಕನೊಬ್ಬಳದೇ ಆಗಿತ್ತು. ಅವಳ ಕೈಹೊಲಿಗೆಗಾಗಿ ಜನ ಎರಡೆರಡು ತಿಂಗಳು ಕಾಯುತ್ತಿದ್ದರು. ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗೊತ್ತಾಗದಂಥ ಅಂಚು. ತಂಗಿ ಆಗ ಟೆಲಿಫೋನ್ ಕಚೇರಿಯಲ್ಲಿದ್ದಳು. ಅಕ್ಕನಿಗೆ ಕೀಮೋ ಶುರುವಾದಾಗ ಆರು ತಿಂಗಳ ರಜೆ ಹಾಕಿ ಬಂದಳು.

ನಾಲ್ಕನೇ ಸಲದ ಔಷಧಿಯ ಹೊತ್ತಿಗೆ ಅಕ್ಕನ ಬೆರಳ ತುದಿಗಳು ಜುಮುಗುಟ್ಟತೊಡಗಿದವು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಔಷಧಿ ಕಡಿಮೆ ಮಾಡಿಬಿಡುತ್ತಾರೆ, ಕಡಿಮೆ ಮಾಡಿದರೆ ಕಾಯಿಲೆ ಉಳಿದುಬಿಡುತ್ತದೆ ಎಂದು ಅವಳ ಲೆಕ್ಕ. ಒಂದು ಮಧ್ಯಾಹ್ನ ಯಾರದೋ ಬಿಳಿ ಉಡುಪಿಗೆ ಅಂಚು ಹೊಲಿಯುತ್ತ ಕುಳಿತಿದ್ದಳು. ತಂಗಿ ಹತ್ತಿರ ಹೋಗಿ ನೋಡಿದರೆ ಬಟ್ಟೆಯುದ್ದಕ್ಕೂ ಕೆಂಪು ಚುಕ್ಕೆಗಳ ಸಾಲು. ಸೂಜಿ ಬೆರಳಿಗೆ ಹತ್ತಾರು ಸಲ ಚುಚ್ಚಿತ್ತು. ಅಕ್ಕನಿಗೆ ಗೊತ್ತೇ ಆಗಿರಲಿಲ್ಲ. ಆಮೇಲೆ ಕೂದಲು ಬಂತು, ಬಾಯಿರುಚಿ ಬಂತು, ಬೆರಳಿನ ಸ್ಪರ್ಶ ಮಾತ್ರ ಬರಲಿಲ್ಲ. ಟೆಲಿಫೋನ್ ಕಚೇರಿಗೆ ತಂಗಿ ಮರಳಿ ಹೋಗಲಿಲ್ಲ. ಅಂದಿನಿಂದ ಅಕ್ಕ ಅಳತೆ ತೆಗೆಯುವುದು, ಕತ್ತರಿಸುವುದು, ಗಿರಾಕಿಗಳೊಂದಿಗೆ ಜಗಳವಾಡುವುದು, ತಂಗಿ ಹೊಲಿಯುವುದು.

"ಬೆರಳು ಹೋದ್ರೆ ಹೋಗ್ಲಿ, ಜೀವ ಉಳೀತಲ್ಲ," ಎಂದು ಅಕ್ಕ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಎರಡು ವರ್ಷಕ್ಕೊಮ್ಮೆ ತಂಗಿಯನ್ನು ಕೈಹಿಡಿದು ಎಳೆದುಕೊಂಡು ಹೋಗಿ ಮ್ಯಾಮೊಗ್ರಾಂ ಎಂಬ ಸ್ತನದ ಎಕ್ಸ್‌ರೇ ತೆಗೆಸುತ್ತಿದ್ದವಳೂ ಅವಳೇ. ಈ ಸಲದ ಗಡ್ಡೆ ಸಿಕ್ಕಿದ್ದೂ ಹಾಗೆ. ಕೈಗೆ ತಾಕುವಷ್ಟೂ ದೊಡ್ಡದಿರಲಿಲ್ಲ.

ಆಸ್ಪತ್ರೆಯಿಂದ ಬಂದ ಸಂಜೆ ಅಕ್ಕ ಶುರುಮಾಡಿದಳು. "ಆ ಹುಡುಗಿ ಡಾಕ್ಟರಿಗೆ ಅನುಭವ ಸಾಲದು. ಬೇರೆ ಕಡೆ ತೋರಿಸೋಣ."

"ಅವರು ತಮ್ಮ ಮನಸ್ಸಿಂದ ಹೇಳ್ತಿಲ್ಲ ಅಕ್ಕಾ. ಸಾವಿರಾರು ಜನರನ್ನ ವರ್ಷಗಟ್ಟಲೆ ನೋಡಿದಾರಂತೆ."

"ಆ ಸಾವಿರ ಜನ ನನಗೆ ಬೇಡ. ನನಗೆ ಇರೋದು ನೀನೊಬ್ಬಳು. ನಾನು ತಗೊಂಡೆ, ಬದುಕಿದೀನಿ. ನೀನೂ ತಗೋ. ನಾನಿದೀನಿ, ನೋಡ್ಕೋತೀನಿ."

"ನನಗೆ ಬೇಡ."

"ಹೆದರಿಕೆನಾ?"

"ಹೌದು, ಹೆದರಿಕೆ," ಎಂದಳು ತಂಗಿ. ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಇಷ್ಟು ದಿನ ತಡೆದಿಟ್ಟಿದ್ದ ಮಾತು ಬಾಯಿಂದ ಜಾರಿಯೇ ಹೋಯಿತು. "ನಿನ್ನ ಬೆರಳಂತೂ ಹೋಯ್ತು, ಈಗ ನನ್ನದೂ ಹೋಗ್ಬೇಕಾ ನಿನಗೆ?"

ಅಕ್ಕ ಕತ್ತರಿಯನ್ನು ಗೂಟಕ್ಕೆ ತೂಗುಹಾಕಿ ಮೆಟ್ಟಿಲು ಹತ್ತಿ ಹೋದಳು.

ಮುಂದಿನ ನಾಲ್ಕು ದಿನ ಅಂಗಡಿಯಲ್ಲಿ ಗಿರಾಕಿಗಳ ಮೂಲಕವೇ ಮಾತುಕತೆ. "ಆ ಅಮ್ಮಂಗೆ ಹೇಳಿ, ನಿಮ್ಮ ತೋಳು ಅರ್ಧ ಇಂಚು ಇಳಿಸ್ಬೇಕು ಅಂತ," ಎಂದು ಅಕ್ಕ ಮೂರಡಿ ದೂರದಲ್ಲಿ ಕೂತವಳನ್ನು ಬೊಟ್ಟುಮಾಡುತ್ತಿದ್ದಳು. "ಅರ್ಧ ಇಂಚು ಇಳಿಸಿದ್ರೆ ಗುಂಡಿ ಎಲ್ಲಿ ಹಾಕೋದು ಅಂತ ಆ ಅಮ್ಮನ್ನೇ ಕೇಳಿ," ಎಂದು ತಂಗಿ. ನಡುವೆ ನಿಂತ ಗಿರಾಕಿಯ ಕತ್ತು ಅತ್ತಿಂದಿತ್ತ ತಿರುಗಿ ಸಾಕಾಗುತ್ತಿತ್ತು. ಆದರೆ ತಂಗಿಯ ಊಟದ ತಟ್ಟೆ ಮಾತ್ರ ಹೊತ್ತಿಗೆ ಸರಿಯಾಗಿ ಮುಚ್ಚಿಟ್ಟಿರುತ್ತಿತ್ತು.

ವಾರದ ಕೊನೆಗೆ ಮತ್ತೆ ಡಾಕ್ಟರ ಕೋಣೆಯಲ್ಲಿ ಕುಳಿತಾಗ ತಂಗಿ ತಾನೇ ಮಾತು ಶುರುಮಾಡಬೇಕೆಂದುಕೊಂಡಿದ್ದಳು. ಅಷ್ಟರಲ್ಲಿ ಅಕ್ಕ, "ನನ್ನದೊಂದು ಪ್ರಶ್ನೆ ಇದೆ," ಎಂದಳು. ದನಿ ಸಣ್ಣದಾಗಿತ್ತು. "ಈ ಪರೀಕ್ಷೆ ಆವಾಗ ಇದ್ದಿದ್ರೆ ನನಗೂ ಬೇಡ ಅಂತಿದ್ರಾ?"

ತಂಗಿ ಥಟ್ಟನೆ ಅಕ್ಕನತ್ತ ತಿರುಗಿದಳು. ಅದೊಂದು ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ.

ಡಾಕ್ಟರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. "ಇರಬಹುದು. ಇಲ್ಲದೇನೂ ಇರಬಹುದು. ನಿಮಗೆ ಆಗ ನಲವತ್ಮೂರು, ಆ ವಯಸ್ಸಿನ ಲೆಕ್ಕ ಇವತ್ತಿಗೂ ಸ್ವಲ್ಪ ಬೇರೆ. ಆಗ ನಿಮ್ಮಂಥ ನೂರು ಜನಕ್ಕೆ ಕೀಮೋ ಕೊಟ್ರೆ ಕೆಲವರಿಗೆ ಮಾತ್ರ ಅದರಿಂದ ಉಪಯೋಗ ಆಗ್ತಿತ್ತು. ಆ ಕೆಲವರು ಯಾರು ಅಂತ ಗೊತ್ತು ಮಾಡೋ ದಾರಿ ಇರ್ಲಿಲ್ಲ. ಅದಕ್ಕೇ ಎಲ್ಲರಿಗೂ ಕೊಡ್ತಿದ್ರು. ನಿಮ್ಮ ಡಾಕ್ಟರ ಜಾಗದಲ್ಲಿ ನಾನಿದ್ದಿದ್ರೂ ಕೊಡ್ತಿದ್ದೆ."

"ಈಗ ಗೊತ್ತು ಮಾಡೋಕಾಗಲ್ವಾ?"

ಡಾಕ್ಟರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ಗಡ್ಡೆಯ ಚೂರನ್ನ ಮೇಣದಲ್ಲಿ ಕೂರಿಸಿ ಎತ್ತಿಡ್ತಾರೆ. ನಿಮ್ಮದೂ ಉಗ್ರಾಣದಲ್ಲಿ ಎಲ್ಲಾದ್ರೂ ಇರಬಹುದು. ಹುಡುಕಿಸಿ ಪರೀಕ್ಷೆಗೆ ಕಳಿಸಬಹುದು. ಆದ್ರೆ ಅದ್ರಿಂದ ನಿಮ್ಮ ಚಿಕಿತ್ಸೆಗೆ ಏನೂ ಆಗ್ಬೇಕಾಗಿಲ್ಲ. ಗೊತ್ತಾಗುತ್ತೆ, ಅಷ್ಟೆ."

ಹೊರಗೆ ಯಾರನ್ನೋ ಕೂಗಿ ಕರೆಯುತ್ತಿದ್ದರು. ಅಕ್ಕ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ನೋಡಿದಳು, ಬೇರೆ ಯಾರೋ ಅಲ್ಲಿ ಮರೆತು ಹೋದ ವಸ್ತುವನ್ನು ನೋಡುವಂತೆ. ತಂಗಿ ಆ ಕೈಯ ಮೇಲೆ ಕೈಯಿಟ್ಟಳು. ಇಟ್ಟದ್ದು ಅಕ್ಕನಿಗೆ ಎಷ್ಟು ತಿಳಿಯಿತೋ.

"ಇರ್ಲಿ ಬಿಡಿ," ಎಂದಳು ಅಕ್ಕ ಕೊನೆಗೆ. "ಹುಡುಕಿಸಬೇಡಿ. ಇವಳಿಗೆ ಮಾತ್ರೆ ಬರ್ಕೊಡಿ."

ಕೆಳಗಿಳಿಯುವ ಮೆಟ್ಟಿಲ ತಿರುವಿನಲ್ಲಿ ತಂಗಿಗೆ ಅಳು ಉಕ್ಕಿ ಬಂತು. "ಅಕ್ಕಾ, ಅವತ್ತು ಬೇಡ ಅಂದಾಗ ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ನಿನ್ನ ಪಕ್ಕದಲ್ಲೇ ಕೂತ್ಕೊಂಡು ಖುಷಿಪಟ್ಟೆ."

"ಗೊತ್ತು. ನೆಲ ನೋಡ್ತಾ ಕೂತಿದ್ಯಲ್ಲ, ಚಿಕ್ಕವಳಿದ್ದಾಗ ಕದ್ದು ತಿಂದು ಕೂರ್ತಿದ್ದ ಹಾಗೆ." ಅಕ್ಕ ಕಂಬಿಗೆ ಒರಗಿ ನಿಂತಳು. "ನನಗೆ ಏನಾಯ್ತು ಅಂತ ಕೇಳು. ಹೊಟ್ಟೆ ಉರೀತು ಕಣೆ. ಒಡಹುಟ್ಟಿದೋಳು ಪಾರಾದ್ಲು ಅಂದ್ರೆ ನನಗೆ ಹೊಟ್ಟೆ ಉರೀತು! ಮನೆಗೆ ಹೋಗೋ ಹೊತ್ತಿಗೆ ನನ್ನ ಮೇಲೆ ನನಗೇ ಅಸಹ್ಯ ಆಯ್ತು. ಅದಕ್ಕೇ ನಿನ್ನ ಮೇಲೆ ಹಾರಾಡಿದ್ದು."

"ಈಗ?"

"ಈಗ ಹಸಿವು. ನಡಿ."

ರೇಡಿಯೇಷನ್ನಿಗೆ ವಾರಕ್ಕೆ ಐದು ದಿನ, ಬೆಳಗ್ಗೆ ಒಂಬತ್ತಕ್ಕೆ. ಒಳಗೆ ಯಂತ್ರದ ಕೆಳಗೆ ಮಲಗುವುದು ಹತ್ತು ನಿಮಿಷ. ಹೊರಗೆ ಕಾಯುವುದು ಒಂದು ಗಂಟೆ. ಅಕ್ಕನೂ ದಿನಾ ಜೊತೆಗೆ ಬಂದಳು. ಅಂಗಡಿಯ ಬಾಗಿಲಿಗೆ ಹನ್ನೊಂದು ಗಂಟೆಗೆ ತೆರೆಯುತ್ತದೆ ಎಂಬ ಚೀಟಿ ಬಿತ್ತು. ಮೊದಲ ವಾರ ಅಕ್ಕ ಕಾಯುವ ಹಜಾರದಲ್ಲಿ ಮುಖ ಬಿಗಿದುಕೊಂಡು ಕುಳಿತಳು. ಕೀಮೋಗೆ ಬಂದವರೂ ಅಲ್ಲೇ ಕೂರುತ್ತಿದ್ದರು. ಎರಡನೇ ವಾರ ಅವರಲ್ಲೊಬ್ಬರ ಹೆಗಲ ಹೊಲಿಗೆ ಬಿಟ್ಟಿದ್ದನ್ನು ಕಂಡು ಸುಮ್ಮನಿರಲಾಗದೆ ಹೇಳಿದಳು. ಅಲ್ಲಿಗೆ ಅವಳ ಬಾಯಿ ಬಿಚ್ಚಿತು.

ಹನ್ನೆರಡನೆಯ ದಿನ ತಂಗಿ ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತ ಹೊರಬಂದಾಗ, ಅಕ್ಕ ಕಿಟಕಿಯ ಹತ್ತಿರದ ಬೆಂಚಿನಲ್ಲಿ ಮೂವತ್ತು ದಾಟದ ಹೆಂಗಸೊಬ್ಬಳ ಪಕ್ಕ ಕುಳಿತಿದ್ದಳು. ಆ ಹೆಂಗಸಿನ ತಲೆ ಬೋಳಾಗಿತ್ತು, ಮುಂಗೈಯಲ್ಲಿ ಸೂಜಿ ಅಂಟಿಸಿದ ಪಟ್ಟಿಯಿತ್ತು. ಮೂರನೇ ಸಲದ ಔಷಧಿಗೆ ಕಾಯುತ್ತಿದ್ದಳು.

"ನಿನಗೆ ಬೇಕು ಅಂತ ಹೇಳಿದಾರೆ ತಾನೆ? ಪರೀಕ್ಷೆ ಮಾಡಿ, ನೋಡಿಯೇ ಹೇಳಿದಾರೆ. ಹಾಗಿದ್ರೆ ಧೈರ್ಯವಾಗಿ ತಗೋ," ಎನ್ನುತ್ತಿದ್ದಳು ಅಕ್ಕ. "ಆದ್ರೆ ಬೆರಳು ಒಂಚೂರು ಜುಮ್ ಅಂದ್ರೂ ಅವತ್ತೇ ಬಾಯಿಬಿಟ್ಟು ಹೇಳ್ಬೇಕು. ಔಷಧಿ ಹೆಚ್ಚುಕಡಿಮೆ ಮಾಡೋ ದಾರಿ ಅವರಿಗೆ ಗೊತ್ತು. ಹೇಳಿದ್ರೆ ಏನಂದ್ಕೋತಾರೋ ಅಂತ ಕೂತ್ಕೋಬೇಡ. ಗೊತ್ತಾಯ್ತಾ?"

"ಹೂಂ."

"ಏನು ಹೂಂ? ಕೈ ಕೊಡಿಲ್ಲಿ. ಕಣ್ಣು ಮುಚ್ಚು."

ಆ ಹೆಂಗಸು ಕೈ ಚಾಚಿ ಕಣ್ಣು ಮುಚ್ಚಿದಳು. ತಂಗಿ ಅವರ ಹತ್ತಿರ ಹೋಗದೆ ಎರಡು ಕುರ್ಚಿ ಆಚೆಗೇ ಕುಳಿತುಬಿಟ್ಟಳು. ಅಕ್ಕ ತಲೆ ಬಗ್ಗಿಸಿ, ಕಣ್ಣಳತೆಯಲ್ಲೇ ಜಾಗ ಹುಡುಕಿ, ತನ್ನ ಹೆಬ್ಬೆರಳಿನಿಂದ ಆ ಹೆಂಗಸಿನ ಕಿರುಬೆರಳ ತುದಿಯನ್ನು ಮೆಲ್ಲಗೆ ಒತ್ತಿದಳು.

"ಇಲ್ಲಿ ಗೊತ್ತಾಗುತ್ತಾ?"

"ಗೊತ್ತಾಗುತ್ತೆ."

"ಇಲ್ಲಿ?"

"ಗೊತ್ತಾಗುತ್ತೆ."

ಅಕ್ಕ ಮುಂದಿನ ಬೆರಳನ್ನು ಹಿಡಿದಳು.