ಈ ನೀರು ಕುಡೀರಿ ಅತ್ತೆ!

ಲಾಡ್ಜಿನ ಮ್ಯಾನೇಜರು ಬೆಡ್‌ಶೀಟಿನ ಗಂಟನ್ನು ನಮ್ಮ ಲಾಂಡ್ರಿಯ ಮೇಜಿನ ಮೇಲೆ ದೊಪ್ಪನೆ ಹಾಕಿದರು. "ಇದನ್ನ ಒಗೆದದ್ದು ಅಂತೀರಾ? ಹಳದಿ ಹಳದಿ! ಮುಂದಿನ ಸಲವೂ ಹೀಗೇ ಇದ್ರೆ ಬೇರೆ ಕಡೆ ಕೊಡ್ತೀವಿ."

ನಮ್ಮ ಮನೆ ನಡೆಯುವುದೇ ಆ ಲಾಡ್ಜಿನ ಬಟ್ಟೆಯಿಂದ. ಅತ್ತೆ ಗಾಬರಿಯಿಂದ ಬ್ಲೀಚಿನ ಡಬ್ಬಕ್ಕೆ ಕೈ ಹಾಕಿದರು. ನಾನು ಡಬ್ಬ ಕಿತ್ತುಕೊಂಡೆ.

"ಏನೇ ಇದು, ಯಾರ ಮುಂದೆ ನಿಂತಿದ್ದೀಯ ಅನ್ನೋದು ಮರೆತುಹೋಯ್ತಾ?"

"ಮರೆತಿಲ್ಲ ಅತ್ತೆ. ಮೊದಲು ಇದನ್ನ ಕುಡೀರಿ." ಹಿತ್ತಲ ಬಾವಿಯ ನೀರನ್ನು ಲೋಟದಲ್ಲಿ ಹಿಡಿದೆ. ಮೇಲೆ ಸೋಪಿನ ನೊರೆ ತೇಲುತ್ತಿತ್ತು.

"ಥೂ! ಇದನ್ನ ಯಾರು ಕುಡೀತಾರೆ?"

"ಮತ್ತೆ ಇದರಲ್ಲಿ ಶೀಟು ಬೆಳ್ಳಗಾಗುತ್ತಾ? ಒಗೆದ ನೀರನ್ನೆಲ್ಲ ಬಾವಿ ಪಕ್ಕದ ಗುಂಡಿಗೆ ಬಿಡ್ತೀವಿ. ಅದು ಇಂಗಿ ಬಾವಿಗೇ ಬರುತ್ತೆ. ಬಟ್ಟೆ ಹಳದಿಯಾಯ್ತು ಅಂತ ಇನ್ನಷ್ಟು ಬ್ಲೀಚ್ ಸುರೀತೀವಿ. ಅದೂ ಬಾವಿಗೇ! ನಮ್ಮ ಕೊಳೇಲೇ ನಾವು ಒಗೀತಿದ್ದೀವಿ."

"ಪರಿಸರ ಗಿರಿಸರ ಎಲ್ಲ ಹೊಟ್ಟೆ ತುಂಬಿದವರಿಗೆ ಕಣೇ. ನಮಗೆ ವ್ಯಾಪಾರ ಮುಖ್ಯ."

ನನಗೆ ಸಿಟ್ಟು ನೆತ್ತಿಗೇರಿತು. "ವ್ಯಾಪಾರಕ್ಕೇ ಹೇಳ್ತಿರೋದು! ನಮ್ಮ ಮಹಿಳಾ ಸಂಘದ ತರಬೇತೀಲಿ ಕಲಿಸಿದ್ದೂ ಅದನ್ನೇ. ಬಾವಿ ಕೆಟ್ರೆ ಲಾಂಡ್ರಿ ಎಲ್ಲಿ ಉಳಿಯುತ್ತೆ? ಆ ಗುಂಡಿ ಮುಚ್ಚೋ ತನಕ ನಾನು ಒಂದು ಬಟ್ಟೆನೂ ಮುಟ್ಟಲ್ಲ."

ಒಗೆಯುವ ಕಲ್ಲಿನ ಮೇಲೆ ಕೂತೇಬಿಟ್ಟೆ. ಅತ್ತೆ ಹಟಕ್ಕೆ ಬಿದ್ದು ಒಬ್ಬರೇ ಮೆಷಿನ್ ಹಾಕಿದರು. ಹಗ್ಗದ ಮೇಲೆ ಹರಡಿದರೆ ಮತ್ತದೇ ಹಳದಿ. ಲೋಟದ ನೀರನ್ನೊಮ್ಮೆ ಮೂಸಿದರು. ಆಮೇಲೆ ಸನಿಕೆ ತಂದು ನನ್ನ ಮುಂದೆ ಎಸೆದರು.

"ಕೂತಿದ್ದು ಸಾಕು, ಮಹಾರಾಣಿ. ಎಲ್ಲಿ ಅಗೀಬೇಕು ತೋರ್ಸು."

ಹಳೆಯ ಗುಂಡಿ ಮುಚ್ಚಿದೆವು. ಬಾವಿಯಿಂದ ದೂರ, ಇಳಿಜಾರಿನ ಕಡೆ ಜಲ್ಲಿ, ಮರಳು ತುಂಬಿ ಹೊಸ ಇಂಗುಗುಂಡಿ ಮಾಡಿದೆವು. ಬಾವಿಯ ನೀರು ಹೊರಹಾಕಿಸಿ ಕೆಸರು ತೆಗೆಸಿದೆವು. ಕೊನೆಯ ಸಲ ಬಟ್ಟೆ ಜಾಲಿಸಿದ ನೀರನ್ನು ತೊಟ್ಟಿಯಲ್ಲಿ ಹಿಡಿದು ಮುಂದಿನ ಗಂಟಿನ ಮೊದಲ ಒಗೆತಕ್ಕೆ ಬಳಸಿದೆವು. ಸೋಪಿನ ಖರ್ಚು ಇಳಿಯಿತು, ಪಂಪಿನ ಕರೆಂಟೂ ಉಳಿಯಿತು, ಶೀಟಿನ ಹಳದಿಯೂ ಹೋಯಿತು.

ಮ್ಯಾನೇಜರು ಬಂದರು. "ಪರವಾಗಿಲ್ಲ. ಇನ್ನೊಂಚೂರು ಬ್ಲೀಚ್ ಸುರೀರಿ, ಫಳಫಳ ಅನ್ನಲಿ."

"ಒಂದು ತೊಟ್ಟೂ ಸುರಿಯಲ್ಲ!" ಎಂದರು ನಮ್ಮತ್ತೆ. "ಬಾವಿ ಕೆಟ್ರೆ ನಿಮ್ಮ ಶೀಟೂ ಇಲ್ಲ, ನಮ್ಮ ಅಂಗಡಿನೂ ಇಲ್ಲ. ಬೇಡವಾದ್ರೆ ಎತ್ಕೊಂಡು ಹೋಗಿ."

ಮ್ಯಾನೇಜರು ಶೀಟನ್ನು ತಿರುವಿ ನೋಡಿದರು, ಮೂಸಿದರು. ಹೊಸ ಗಂಟು ಇಳಿಸಿ ಹೋದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಸುಬು ನಿಂತಿರುವುದು ನೀರಿನ ಮೇಲೋ, ಮಣ್ಣಿನ ಮೇಲೋ, ಮರದ ಮೇಲೋ? ನಿಮ್ಮ ಅಂಗಡಿಯ ಕೊಳೆ ಎಲ್ಲಿಗೆ ಹೋಗುತ್ತದೆ, ಇವತ್ತೇ ಹಿತ್ತಲಿಗೆ ಹೋಗಿ ನೋಡಿ. ಅದನ್ನು ತಡೆಯುವುದು ದಾನಧರ್ಮವಲ್ಲ, ಅಪ್ಪಟ ವ್ಯಾಪಾರ. ಯಾರಾದರೂ ನಕ್ಕರೆ ಜಗಳಕ್ಕೆ ಹೋಗಬೇಡಿ. ಒಂದು ಲೋಟ ಮುಂದೆ ಹಿಡಿದು, "ಕುಡೀರಿ ನೋಡೋಣ" ಎನ್ನಿ.