ಶನಿವಾರದ ಸಿಟ್ಟಿನ ತಾಸು

ಮೌನಮ್ಮ ನನ್ನ ಮುಂದಿನ ಹಲ್ಲು ಮುರಿದದ್ದು ಸಾವಿರದ ಒಂಬೈನೂರ ಐವತ್ತನೆಯ ಇಸವಿಯಲ್ಲಿ, ದೀಪಾವಳಿ ಮುಗಿದ ವಾರ. ಬರೆಯುವ ಕಲ್ಲುಪಾಟಿ ಎತ್ತಿ ಹೊಡೆದಳು. ಅದರ ಕಟ್ಟಿಗೆಯ ಅಂಚು ನೇರ ಬಾಯಿಗೆ ಬಿತ್ತು. ತಪ್ಪು ನನ್ನದು ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

"ನಿಮ್ಮಪ್ಪ ಸತ್ತಾನ. ಊರಿಗೆಲ್ಲ ಗೊತ್ತದ, ನಿಮ್ಮ ಮನ್ಯಾಗಷ್ಟ ಗೊತ್ತಿಲ್ಲ" ಎಂದಿದ್ದೆ ನಾನು.

ಯಾದಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾವಿಬ್ಬರೂ ಐದನೆಯ ಇಯತ್ತೆ. ನಾನು ರೇಣಮ್ಮ, ಉಣ್ಣೆ ವ್ಯಾಪಾರದವರ ಮಗಳು. ಅವಳು ಭೀಮಾ ನದಿಯ ದಂಡೆಯ ಅಂಬಿಗರ ಓಣಿಯವಳು. ಅವಳಪ್ಪ ಮರಿಲಿಂಗಪ್ಪ ಹರಗೋಲು ಹಾಕಿ ಜನರನ್ನು ಆಚೆ ದಡಕ್ಕೆ ಮುಟ್ಟಿಸುತ್ತಿದ್ದ. ಎರಡು ವರ್ಷದ ಹಿಂದೆ, ನಿಜಾಮನ ರಾಜ್ಯ ಇನ್ನೂ ಇದ್ದ ಕೊನೆಯ ಶ್ರಾವಣದಲ್ಲಿ, ನದಿ ತುಂಬಿ ಹರಿಯುವಾಗ ನಿಜಾಮನ ಕಡೆಯ ಬಂದೂಕು ಹಿಡಿದ ಆರೇಳು ಮಂದಿ ಬಂದು ಆಚೆ ದಡಕ್ಕೆ ಬಿಡು ಎಂದರು. ಬಿಡಲು ಹೋದ. ಹರಗೋಲು ಮೂರು ಹರದಾರಿ ಕೆಳಗೆ ಕಲ್ಲಿಗೆ ಸಿಕ್ಕಿಕೊಂಡಿತ್ತು. ಅವನು ಸಿಗಲಿಲ್ಲ. ಮುಂದೆ ಭಾರತದ ಮಿಲಿಟರಿ ಬಂತು, ರಾಜ್ಯ ಬದಲಾಯಿತು, ಕಚೇರಿಯ ಮೇಲಿನ ಬಾವುಟ ಬದಲಾಯಿತು. ಆದರೆ ಅಂಬಿಗರ ಆ ಮನೆಯಲ್ಲಿ ಮರಿಲಿಂಗಪ್ಪ ಸತ್ತ ಎಂಬ ಮಾತನ್ನು ಯಾರೂ ಆಡಲಿಲ್ಲ. "ಎಲ್ಲೋ ದೂರ ಹೋಗ್ಯಾನ, ಬರ್ತಾನ" ಎಂದು ಅವನ ತಮ್ಮ ಅಂಬಣ್ಣ ಮೊದಲ ದಿನವೇ ಹೇಳಿಬಿಟ್ಟಿದ್ದ. ಹೆಂಡತಿ ಮಲಕಮ್ಮ ದಿನಾ ಕುಂಕುಮ ಹಚ್ಚಿಕೊಂಡು, ಗಂಡ ಉಣ್ಣುತ್ತಿದ್ದ ಗಂಗಾಳ ತೊಳೆದು ಒಲೆಯ ಪಕ್ಕ ಇಡುತ್ತಿದ್ದಳು.

ಅಪ್ಪ ಹೋದಾಗ ಮೌನಮ್ಮನಿಗೆ ಹತ್ತು ವರ್ಷ. ಮೊದಲು ಅಪ್ಪ ಎಲ್ಲಿ ಎಂದು ಕೇಳುತ್ತಿದ್ದಳಂತೆ. ಕೇಳಿದಾಗಲೆಲ್ಲ ಬಾಯಿ ಮುಚ್ಚಿಸಿದರು. ಆಮೇಲೆ ಅವಳು ಕೇಳುವುದನ್ನು ಬಿಟ್ಟು ಕಚ್ಚಲು ಶುರುಮಾಡಿದಳು. ಮಡಕೆ ಒಡೆದಳು, ತಮ್ಮನನ್ನು ದೂಡಿದಳು, ಬಾವಿಕಟ್ಟೆಯ ಮೇಲೆ ಒಬ್ಬಾಕೆಯ ಕೂದಲು ಹಿಡಿದಳು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು, ದರ್ಗಾದ ಬೂದಿ ಹಚ್ಚಿದರು. ನಡುವೆ ಬಿಡಿಸಿದ್ದ ಶಾಲೆಗೆ ಮತ್ತೆ ಹಾಕಿದರೆ ಸುಮ್ಮನಾದಾಳು ಎಂದು ಹಾಕಿದರು. ನಮ್ಮ ದೊಡ್ಡ ಮಾಸ್ತರು ಬಸವಂತರಾಯರು ಬೆತ್ತದಿಂದ ಹೊಡೆದಾಗ ಅವಳು ಅಳುತ್ತಿರಲಿಲ್ಲ. ಒಂದು ಕೈಗೆ ಹೊಡೆದು ಮುಗಿಸಿದ ಮೇಲೆ ಇನ್ನೊಂದು ಕೈಯನ್ನೂ ಚಾಚುತ್ತಿದ್ದಳು.

ನನ್ನ ಹಲ್ಲು ಮುರಿದ ದಿನ ಅವಳನ್ನು ಶಾಲೆಯಿಂದ ತೆಗೆದುಹಾಕಬೇಕಿತ್ತು. ತಡೆದದ್ದು ನಜೀಮಾ ಉಸ್ತಾನಿ. ಶಿಕ್ಷಕಿಗೆ ಆಗ ನಮ್ಮಲ್ಲಿ ಉಸ್ತಾನಿ ಎನ್ನುತ್ತಿದ್ದರು. ಶಾಲೆಗಳಲ್ಲಿ ಉರ್ದು ಹೋಗಿ ಕನ್ನಡ ಬರುತ್ತಿದ್ದ ಕಾಲ ಅದು. ಎರಡೂ ಬಲ್ಲವರೆಂದು ಸುರಪುರದ ಈ ಇಪ್ಪತ್ಮೂರರ ಹೆಣ್ಣುಮಗಳನ್ನು ಆ ವರ್ಷ ನಮಗೆ ಕೊಟ್ಟಿದ್ದರು. ಇಲ್ಲಿಗೆ ಬರುವ ಮೊದಲು ಆಕೆ ಹೈದರಾಬಾದಿನಲ್ಲಿ, ಗಲಾಟೆಯಲ್ಲಿ ಮನೆಮಾರು ಕಳೆದುಕೊಂಡ ಮಕ್ಕಳ ಆಶ್ರಯದಲ್ಲಿ ಎಂಟು ತಿಂಗಳು ಕೆಲಸ ಮಾಡಿದ್ದರು. ಅಲ್ಲಿ ಒಬ್ಬ ಡಾಕ್ಟರಮ್ಮ ಮಕ್ಕಳ ಮುಂದೆ ಮಣ್ಣಿನ ಮುದ್ದೆ ಇಟ್ಟು ಕೂಡುತ್ತಿದ್ದರಂತೆ. ಔಷಧಿ ಇಲ್ಲ, ಬುದ್ಧಿಮಾತು ಇಲ್ಲ. ಮಗು ಕೈಯಾಡಿಸುತ್ತ ಎಂದೋ ಒಂದು ದಿನ ಮಾತಾಡುತ್ತಿತ್ತು. ಅಲ್ಲಿಯವರೆಗೆ ಕಾಯುವುದೇ ಅವರ ಕೆಲಸ.

ನನ್ನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದುಕೊಂಡೇ ಉಸ್ತಾನಿ ಅವಳನ್ನು ಕೇಳಿದರು, "ಸಿಟ್ಟು ಬಂದಾಗ ನಿನ್ನ ಮೈಯಾಗ ಎಲ್ಲಿ ಇರ್ತದ ಅದು?"

ಅಂಥ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ. ಮೌನಮ್ಮ ತಬ್ಬಿಬ್ಬಾಗಿ ತನ್ನ ಅಂಗೈ ನೋಡಿಕೊಂಡಳು. "ಕೈಯಾಗ" ಎಂದಳು.

"ಹಂಗಾರ ಬಾ. ರೇಣಮ್ಮ, ನೀನೂ ಬಾ."

ಶಾಲೆಯ ಹಿಂದೆ ಬಿದ್ದುಹೋದ ಕೋಣೆಯೊಂದರ ಗೋಡೆ ನಿಂತಿತ್ತು. ಉಸ್ತಾನಿ ಕರಿಮಣ್ಣಿಗೆ ನೀರು ಹಾಕಿ ಕಲಸಿ ಮುದ್ದೆ ಮಾಡಿ ಅವಳ ಕೈಗೆ ಕೊಟ್ಟರು. "ಮಂದೀಗೆ ಹೊಡಿಬ್ಯಾಡ. ಗೋಡಿಗೆ ಹೊಡಿ. ಎಷ್ಟು ಬೇಕಾದ್ರೂ ಹೊಡಿ. ಆದ್ರ ಪ್ರತಿ ಮುದ್ದಿಗೂ ಮೊದಲ ಒಂದು ಮಾತು ಹೇಳಬೇಕು. ಯಾರ ಮ್ಯಾಲ, ಯಾತರ ಮ್ಯಾಲ ಸಿಟ್ಟು ಅಂತ."

ಹೀಗೆ ಶುರುವಾಯಿತು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಒಂದು ತಾಸು. ನಾವೇ ಅದಕ್ಕೆ ಸಿಟ್ಟಿನ ತಾಸು ಎಂದು ಹೆಸರಿಟ್ಟೆವು. ಮೊದಲು ಇಬ್ಬರು, ಆಮೇಲೆ ಐದು, ಸಂಕ್ರಾಂತಿಯ ಹೊತ್ತಿಗೆ ಹದಿನಾಲ್ಕು ಹುಡುಗಿಯರು. ನನ್ನ ಮೊದಲ ಮುದ್ದೆ ಮೌನಮ್ಮನ ಮೇಲಿನದು, ಅವಳ ಎದುರಿಗೇ. ಎರಡನೆಯದು ಎಲ್ಲಿಂದ ಬಂತೋ ನನಗೇ ತಿಳಿಯಲಿಲ್ಲ. "ಅಣ್ಣಗೋಳು ಉಂಡು ಉಳಿದದ್ದು ನನಗ ಹಾಕ್ತಾಳ ನಮ್ಮಾಯಿ" ಎಂದು ಕೂಗಿ ಎಸೆದೆ. ಅಜ್ಜಿಯ ಮೇಲೆ ನನಗೆ ಸಿಟ್ಟಿದೆ ಎಂದು ನನ್ನ ಕಿವಿಗೆ ಬಿದ್ದದ್ದು ಅವತ್ತೇ ಮೊದಲು. ಅತ್ತುಬಿಟ್ಟೆ. ಉಸ್ತಾನಿ ಅಳಬೇಡ ಎನ್ನಲಿಲ್ಲ. ನೀರು ಕೊಟ್ಟರು.

ಮೌನಮ್ಮ ಮಾತ್ರ ಮಾತಿಲ್ಲದೆ ಎಸೆಯುತ್ತಿದ್ದಳು. ಮೂರು ಶನಿವಾರ ಹಾಗೇ ಹೋದವು. ನಾವು ಗೊಣಗಿದರೆ ಉಸ್ತಾನಿ "ಅಕೀದು ಅಕೀಗೆ ಬರೋತನಕ ಬಿಡ್ರಿ" ಎನ್ನುತ್ತಿದ್ದರು. ನಾಲ್ಕನೆಯ ಶನಿವಾರ ಅವಳು ಮುದ್ದೆ ಹಿಡಿದು ಬಹಳ ಹೊತ್ತು ನಿಂತಳು.

"ಗಂಗಾಳ" ಎಂದಳು. ಎಸೆದಳು.

"ಯಾವ ಗಂಗಾಳ?"

"ಅಪ್ಪಂದು. ದಿನಾ ತೊಳದು ಇಡ್ತಾಳ ಯವ್ವ. ಅಪ್ಪ ಬರ್ತಾನ ಅಂತಾನ ಕಾಕಾ. ಓಣ್ಯಾಗಿನವರೆಲ್ಲ ಬರ್ತಾನ ಅಂತಾರ, ನಾ ಹೊಳ್ಳಿ ಹೋದಕೂಡ್ಲೆ ಪಾಪ ಅಂತಾರ. ಎಲ್ಲಾರೂ ಸುಳ್ಳ ಹೇಳ್ತಾರ."

"ನೀ ಏನ್ ತಿಳಕೊಂಡಿ?"

ಗಾಳಿಗೆ ಬೇವಿನೆಲೆ ಉದುರುತ್ತಿದ್ದವು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದೆವು.

"ಸತ್ತಾನ" ಎಂದಳು ಮೌನಮ್ಮ. ಮತ್ತೆ ಹೇಳಿದಳು. ಮೂರನೆಯ ಸಲ ಹೇಳುವಾಗ ದನಿ ಒಡೆದು, ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಕುಸಿದಳು. ಎರಡು ವರ್ಷದ ಅಳು ಅದು. ಉಸ್ತಾನಿ ಪಕ್ಕದಲ್ಲಿ ನೆಲಕ್ಕೇ ಕೂತರು.

ಅಳು ಇಳಿದ ಮೇಲೆ ಅವಳು ತಲೆಯೆತ್ತಿ, "ನಿಮಗ ಸಿಟ್ಟು ಬರಂಗಿಲ್ಲೇನ್ರಿ ಉಸ್ತಾನಿಯವ್ರ?" ಎಂದು ಕೇಳಿದಳು.

"ಬರ್ತದ" ಎಂದರು ಅವರು. "ನಮ್ಮಣ್ಣ ಮನ್ಸೂರಅಲಿ ಅಂತ. ಮಿಲಿಟರಿ ಬಂದ ಮುಂದಿನ ವಾರ ನಮ್ಮ ಅಮ್ಮೀಗೆ ದವಾ ತರಾಕ ಹೋದ. ಸೇಡು ತೀರಿಸೋ ಮಂದಿ ರಸ್ತೆದಾಗ ಹಿಡದ್ರು. ಅವ ಯಾರಿಗೂ ಏನೂ ಮಾಡಿರಲಿಲ್ಲ. ಹೆಸರು ಕೇಳಿದ್ರು, ಅಷ್ಟ." ಆಮೇಲೆ ಎದ್ದು, ಒಂದು ಮುದ್ದೆ ತೆಗೆದುಕೊಂಡು, ಅಣ್ಣನ ಹೆಸರು ಹೇಳಿ ಗೋಡೆಗೆ ಹೊಡೆದರು. ಅಷ್ಟು ಜೋರಾಗಿ ನಾವ್ಯಾರೂ ಹೊಡೆದಿರಲಿಲ್ಲ.

ಆ ಮೇಲಿನ ಶನಿವಾರಗಳಲ್ಲಿ ಮೌನಮ್ಮನ ಮಾತು ಹೆಚ್ಚುತ್ತ ಮಣ್ಣು ಕಡಿಮೆಯಾಯಿತು. ಒಮ್ಮೆ ಮುದ್ದೆ ಹಿಡಿದು ಮಾತಾಡುತ್ತಲೇ ಇದ್ದು, ಎಸೆಯುವುದನ್ನೇ ಮರೆತಳು. ತರಗತಿಯಲ್ಲಿ ಸಿಟ್ಟು ಏರಿದರೆ ಅಂಗೈಗಳನ್ನು ತೊಡೆಯ ಮೇಲೆ ಒತ್ತಿಕೊಂಡು, "ನನಗ ಈಗ ಸಿಟ್ಟು ಬಂದದ, ಸ್ವಲ್ಪ ದೂರ ಸರಿ" ಎಂದು ಬಾಯಿಬಿಟ್ಟು ಹೇಳುತ್ತಿದ್ದಳು. ನಾನು ಸರಿಯುತ್ತಿದ್ದೆ. ಅವಳ ಪಕ್ಕ ಕೂಡಲು ನಾನೇ ಕೇಳಿಕೊಂಡಿದ್ದೆ.

ಊರಿಗೆ ಇದು ಹಿಡಿಸಲಿಲ್ಲ. ಹೆಣ್ಣುಮಕ್ಕಳು ಮನೆಯವರ ಹೆಸರು ಹಿಡಿದು ಚೀರುತ್ತಾರೆ ಎಂದು ದೂರು ಹೋಯಿತು. ಬಸವಂತರಾಯ ಮಾಸ್ತರು ಉಸ್ತಾನಿಯನ್ನು ಕರೆದು, "ಇದು ನಿಲ್ಲಲಿ ಉಸ್ತಾನಿಯವ್ರ. ಸಿಟ್ಟು ನುಂಗೂದು ಕಲಸೂದು ಸಾಲಿ ಕೆಲಸ" ಎಂದರು.

"ನುಂಗೇ ಅಕಿ ರೇಣಮ್ಮನ ಹಲ್ಲು ಮುರದಾಳ್ರಿ" ಎಂದರು ಉಸ್ತಾನಿ. "ಎರಡ ತಿಂಗಳಿಂದ ಯಾರಿಗೂ ಕೈ ಹಚ್ಚಿಲ್ಲ. ನಿಮ್ಮ ಬೆತ್ತದಿಂದ ಇದು ಆಗಿತ್ತೇನ್ರಿ? ನಾ ನಿಲ್ಲಸಂಗಿಲ್ಲ."

ಮಾಘದ ಒಂದು ಶನಿವಾರ ಅಂಬಣ್ಣ ಬಂದ. ಅವನ ಹಿಂದೆ ಸೆರಗು ಹೊದ್ದು ಮಲಕಮ್ಮ. ಗೋಡೆಯ ಹತ್ತಿರ ನಾವೆಲ್ಲ ಇದ್ದೆವು; ಬಸವಂತರಾಯರೂ ಓಡಿಬಂದರು.

"ನಡಿ ಮನೀಗೆ" ಎಂದು ಅಂಬಣ್ಣ ಅಣ್ಣನ ಮಗಳ ತೋಳು ಹಿಡಿದ. "ಸಾಲಿ ಸಾಕು. ಹತ್ತಿಕುಣ್ಯಾಗ ಗಂಡು ನೋಡೀನಿ, ಬ್ಯಾಸಗ್ಯಾಗ ಲಗ್ನ. ನಿಮ್ಮಪ್ಪನ್ನ ಒಯ್ದವರು ಯಾರ ಮಂದಿ ಅಂತ ಗೊತ್ತದಿಲ್ಲೋ ನಿನಗ? ಅವರ ಹೆಣ್ಣಮಗಳ ಮುಂದ ಕುಂತು ಅಳತೀ?"

ಉಸ್ತಾನಿಯ ಮುಖ ಬಿಳುಚಿತು. ಮೌನಮ್ಮ ಕಚ್ಚುತ್ತಾಳೆ ಎಂದೇ ನಾನು ಅಂದುಕೊಂಡೆ. ಅವಳ ಕುತ್ತಿಗೆಯ ನರ ಎದ್ದಿತ್ತು. ಇನ್ನೊಂದು ಕೈಯ ಬೆರಳುಗಳು ಬಿಗಿದು, ಸಡಿಲವಾಗಿ, ಮತ್ತೆ ಬಿಗಿದವು.

"ಕೈ ಬಿಡು ಕಾಕಾ" ಎಂದಳು. ದನಿ ಸಣ್ಣದಾಗಿರಲಿಲ್ಲ. "ನನಗ ಭಾಳ ಸಿಟ್ಟು ಬಂದದ. ಕಡಿಯಂಗಿಲ್ಲ, ಹೇಳ್ತೀನಿ, ಕೇಳು. ಅಪ್ಪ ಸತ್ತಾನ. ಬಂದೂಕಿನವರ ಜೋಡಿ ಈ ಉಸ್ತಾನಿ ಇರಲಿಲ್ಲ. ಎರಡ ವರ್ಷ ನೀ ನನಗ ಸುಳ್ಳ ಹೇಳೀದಿ. ನಾ ಕೇಳಿದಾಗೆಲ್ಲ ನನ್ನ ಬಾಯಿಗೆ ಹೊಡದಿ. ಹುಚ್ಚಿ ಅನಿಸೀದಿ ಊರಾಗ. ಖರೇ ಹೇಳಾಕ ನಿನಗ್ಯಾಕ ಆಗವಲ್ಲದು?"

ಅಂಬಣ್ಣ ಕೈ ಎತ್ತಿದ.

"ಹೊಡಿ. ಹೊಡದ ಮ್ಯಾಲೂ ಇದನ್ನ ಕೇಳ್ತೀನಿ."

ಎತ್ತಿದ ಕೈ ಹಾಗೇ ನಿಂತಿತು. ಅಷ್ಟು ದೊಡ್ಡ ಗಂಡಸು ನೋಡನೋಡುತ್ತ ಕುಗ್ಗಿದ. ಪಾಯದ ಕಲ್ಲಿನ ಮೇಲೆ ಕೂತು ರುಮಾಲು ತೆಗೆದು ಮುಖಕ್ಕೆ ಒತ್ತಿಕೊಂಡ.

"ಅವತ್ತಿನ ಪಾಳಿ ನಂದಿತ್ತು" ಎಂದ. "ನಾ ಶೇಂದಿ ಕುಡದು ಮಲಗಿದ್ದೆ. ಅಣ್ಣ ಎಬ್ಬಿಸಲಿಲ್ಲ. ನನ್ನ ಬದಲಿ ಹೋದ. ಸತ್ತಾನ ಅಂದ್ರ ನಾನೇ ಕೊಂದಂಗಲ್ಲೇನ?"

ಮಲಕಮ್ಮನ ಸೆರಗು ತಲೆಯಿಂದ ಜಾರಿತ್ತು. "ಎರಡ ವರ್ಷ ಗಂಗಾಳ ತೊಳದೀನಲ್ಲೋ ಅಂಬಣ್ಣ" ಎಂದಳು, ಬೈಗುಳದಂತೆಯೂ ಅಲ್ಲ, ಅಳುವಿನಂತೆಯೂ ಅಲ್ಲ. ಮೌನಮ್ಮ ಓಡಿಹೋಗಿ ಅವ್ವನ ಕೈ ಹಿಡಿದಳು.

ಆಮೇಲೆ ಕಾಕಾನ ಕಡೆ ತಿರುಗಿ ಹೇಳಿದಳು: "ನನಗ ಇನ್ನೂ ಸಿಟ್ಟು ಅದ. ನಾಳಿನೂ ಇರ್ತದ. ನೀ ಅತ್ತಿ ಅಂತ ಹೋಗಂಗಿಲ್ಲ. ಲಗ್ನ ಬ್ಯಾಡ, ಸಾಲಿ ಬಿಡಂಗಿಲ್ಲ."

ಮುಂದಿನ ಅಮಾವಾಸ್ಯೆಗೆ ನದಿಯ ದಂಡೆಯಲ್ಲಿ ಮರಿಲಿಂಗಪ್ಪನಿಗೆ ಎಡೆ ಹಿಡಿದರು. ಉಸ್ತಾನಿಯನ್ನು ಮಲಕಮ್ಮನೇ ಕರೆಸಿದ್ದಳು. ಅವರೊಡನೆ ನಾನೂ ಹೋದೆ. ಓಣಿಯ ಹಿರಿಯ ಹೆಂಗಸು ಯಂಕಮ್ಮ ಬಳೆ ಒಡೆಯಲು ಕಲ್ಲು ಹಿಡಿದು ಮುಂದೆ ಬಂದಾಗ ಮೌನಮ್ಮ ಅಡ್ಡ ನಿಂತಳು. "ಯವ್ವನ ಕೈ ಯವ್ವಂದು. ಅಕೀನ್ನ ಕೇಳ್ರಿ."

ಕೇಳುವ ರೂಢಿ ಇರಲಿಲ್ಲ. ಆದರೂ ಎಲ್ಲರೂ ಮಲಕಮ್ಮನನ್ನು ನೋಡಿದರು. "ಇವತ್ತ ಬ್ಯಾಡ" ಎಂದಳು ಆಕೆ. "ನನಗ ಯಾವತ್ತ ತಗೀಬೇಕು ಅನಸ್ತದ, ಅವತ್ತ ನಾನೇ ತಗೀತೀನಿ." ಹೆಂಗಸರು ಗುಸುಗುಸು ಮಾಡಿದರು. ಮಲಕಮ್ಮ ಬಳೆಯ ಕೈಯಿಂದಲೇ ಎಡೆಯನ್ನು ನೀರಿಗೆ ಬಿಟ್ಟಳು.

ದೂರುಗಳು ನಿಲ್ಲಲಿಲ್ಲ. ಬೇಸಗೆಯ ರಜೆಗೆ ಮೊದಲು ಶಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ನಮ್ಮನ್ನು ಸಾಲಾಗಿ ನಿಲ್ಲಿಸಿ, ಹಿರಿಯರಿಗೆ ಎದುರು ಮಾತಾಡಲು ಕಲಿಸಿದವರು ಯಾರು ಎಂದು ಕೇಳಿದರು. ನಾವು ತುಟಿ ಬಿಗಿದೆವು. ಮೌನಮ್ಮ ಸಾಲು ಬಿಟ್ಟು ಮುಂದೆ ಬಂದಳು.

"ಸಿಟ್ಟು ನಂದ್ರಿ ಸಾಹೇಬ್ರ, ಬಾಯೀನೂ ನಂದ್ರಿ. ಉಸ್ತಾನಿಯವರು ಕಲಿಸಿಲ್ಲ, ಕುಂತು ಕೇಳ್ಯಾರ. ಅವರನ್ನ ಬ್ಯಾರೆ ಊರಿಗೆ ಹಾಕ್ತೀರಿ ಅಂತ ಗೊತ್ತಾಗ್ಯದ. ಅದು ತಪ್ಪು. ನನಗ ಅದರ ಮ್ಯಾಲ ಸಿಟ್ಟು ಬಂದದ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಬಸವಂತರಾಯರು ಬೆತ್ತಕ್ಕೆ ಕೈ ಹಾಕಲಿಲ್ಲ. ಆದರೂ ವರ್ಗಾವಣೆಯ ಹುಕುಂ ಬಂದೇ ಬಂತು. ನಜೀಮಾ ಉಸ್ತಾನಿ ಶಹಾಪುರದ ಕಡೆಯ ಒಂದು ಶಾಲೆಗೆ ಹೋದರು. ಹೋಗುವ ದಿನ ನಾವು ಹದಿನಾಲ್ಕೂ ಜನ ನದಿಯ ತನಕ ಅವರ ಹಿಂದೆ ನಡೆದೆವು. ಹರಗೋಲು ಹಾಕಿದವನು ಅಂಬಣ್ಣ. ಅವನು ತಲೆ ಎತ್ತದೆ ಅವರ ಟ್ರಂಕು ಎತ್ತಿಟ್ಟು, ಕೂಡಲು ಕಂಬಳಿ ಹಾಸಿದ.

ಜೂನ್‌ನಲ್ಲಿ ಶಾಲೆ ತೆರೆದಾಗ ಹಿಂದಿನ ಗೋಡೆಯನ್ನು ಕೆಡವಿದ್ದರು. ಶನಿವಾರ ಗಂಟೆ ಹೊಡೆದ ಮೇಲೆ ಮೌನಮ್ಮ ಯಾರನ್ನೂ ಕೇಳದೆ ನದಿಯ ದಂಡೆಗೆ ಹೊರಟಳು. ನಾವು ಹಿಂದೆ ಹೋದೆವು. ಆ ವರ್ಷ ಹೊಸದಾಗಿ ಬಂದ, ಬಳಿಚಕ್ರದ ಕುರಿಗಾರರ ಪುಟ್ಟ ಹುಡುಗಿ ಮಾಳಮ್ಮ ಬೆಳಗಿನಿಂದ ಯಾರೊಡನೆಯೂ ಮಾತಾಡದೆ ಲಂಗದ ಅಂಚನ್ನು ಹರಿದು ಹಾಕಿದ್ದಳು. ಮೌನಮ್ಮ ಅವಳನ್ನು ಮರಳ ಮೇಲೆ ಕೂಡಿಸಿ, ತಾನೂ ಎದುರು ಕೂತಳು. ನಮಗೆಲ್ಲ ಸುಮ್ಮನಿರಲು ಸನ್ನೆ ಮಾಡಿದಳು.

"ಅವಸರ ಇಲ್ಲ" ಎಂದಳು. "ನಾವು ಇಲ್ಲೇ ಇರ್ತೀವಿ."